ಎದುರುಮನೆ ಅಕ್ಕನ ಸೊಪ್ಪು

ಮಗಳು ಐರೋಲಿಯ ಆಫೀಸಿನಿಂದ ಬರುವಾಗ ಒಂದು ಪುಟ್ಟ ಬಾಟಲಿ ತಂದಿದ್ದಳು. ಕ್ಲೋರೋಫಿಲ್ ಅಂತೆ. ಲೋಟದ ನೀರಿಗೆ ಹತ್ತು ಹನಿ ಬಿಟ್ಟು ಕುಡಿದರೆ ಚರ್ಮಕ್ಕೆ ಒಳ್ಳೆಯದು, ಹೊಟ್ಟೆಗೆ ಒಳ್ಳೆಯದು, ರಕ್ತಕ್ಕಂತೂ ಕೇಳುವುದೇ ಬೇಡ, ಅವಳ ಆಫೀಸಿನ ಹುಡುಗಿಯರೆಲ್ಲ ಅದನ್ನೇ ಕುಡಿಯುತ್ತಾರಂತೆ. ತಟ್ಟೆಯಲ್ಲಿ ಮೆಂತ್ಯದ ಎಲೆ ಕಂಡರೆ ಕೂದಲು ಕಂಡವಳ ಹಾಗೆ ಎತ್ತಿ ಪಕ್ಕಕ್ಕಿಡುವ ಹುಡುಗಿ ಇವಳು. ಇಪ್ಪತ್ತಾರು ವರ್ಷ ನಾನು ಹೇಳಿದ್ದು ಕಿವಿಗೆ ಬೀಳಲಿಲ್ಲ, ಈಗ ಬಾಟಲಿಯೊಳಗೆ ಕೂತು ಬಂದಾಗ ಹಸಿರು ಒಳ್ಳೆಯದಾಯಿತು. ನಾನು ಠಾಣೆ ಊರಿನ ಆಫೀಸಿನಿಂದ ಲೋಕಲ್‌ನಲ್ಲಿ ನಿಂತೇ ಬಂದು, ಮಂಡಿ ಹಿಡಿದುಕೊಂಡು, ಸೋಫಾದ ಮೇಲೆ ಕಾಲು ಚಾಚಿ ಕುಳಿತಿದ್ದೆ. ಜಗಳಾಡುವಷ್ಟು ತ್ರಾಣ ಇರಲಿಲ್ಲ. "ಮಮ್ಮಿ, ಸೂಂಘ್ ಕೇ ತೊ ದೇಖೊ" ಎಂದು ಅವಳು ಮುಚ್ಚಳ ತೆಗೆದು ನನ್ನ ಮೂಗಿನ ಹತ್ತಿರ ಹಿಡಿದಳು.

ಮೇಲೆ ಮೇಲೆ ಪುದಿನದ ವಾಸನೆ. ಅದರ ಅಡಿಯಲ್ಲಿ ಹಸಿ ಎಲೆ ಅರೆದ ವಾಸನೆ... ಸ್ವಲ್ಪ ಒಗರು, ಸ್ವಲ್ಪ ಒದ್ದೆ ಮಣ್ಣು. ಆ ವಾಸನೆ ನಾನು ಎಷ್ಟೋ ವರ್ಷ ದಿನವೂ ಕುಡಿದದ್ದು. ಡೊಂಬಿವಲಿಯ ನಮ್ಮ ಹಳೆಯ ಕಟ್ಟಡದಲ್ಲಿ, ಎದುರುಮನೆಯ ಬಾಗಿಲಿನಿಂದ, ಬೆಳಿಗ್ಗೆ ನಾನು ಆಫೀಸಿಗೆ ಹೊರಡುವ ಹೊತ್ತಿಗೆ ಬರುತ್ತಿದ್ದದ್ದು. ಮಗಳು ಏನೋ ಕೇಳುತ್ತಿದ್ದಳು, ನಾನು ಹೂಂಗುಟ್ಟಿದೆ. ಸೊಪ್ಪು ಮುಟ್ಟದ ಅವಳಿಗೆ ಎದುರುಮನೆಯ ಅಕ್ಕನ ಅಡುಗೆಯ ಆ ವಾಸನೆ ನೆನಪಿರಲಾರದು. ನನಗೆ ಮರೆಯಲು ಆಗುವುದಿಲ್ಲ.

ಆಗ ನಾವು ಎಂಐಡಿಸಿಯ ಕಾರ್ಖಾನೆಗಳ ಮಗ್ಗುಲಿಗೇ ಇದ್ದೆವು. ಇವರು, ಅಂದರೆ ನನ್ನ ಯಜಮಾನರು, ಅಲ್ಲಿಯ ಒಂದು ಇಂಜಿನಿಯರಿಂಗ್ ಕಂಪನಿಯಲ್ಲಿ ಫಿಟ್ಟರ್. ನಾನು ಠಾಣೆಯ ಒಂದು ಆಫೀಸಿನಲ್ಲಿ ಗುಮಾಸ್ತೆ. ಊರು ವಿಜಯಪುರದ ಕಡೆ. ಮೂರು ಮಹಡಿಯ ಕಟ್ಟಡ, ತಳಮನೆ ನಮ್ಮದು. ಗಾಳಿ ತಿರುಗಿದಾಗ ಕೆಮಿಕಲ್ಲಿನ ವಾಸನೆ ಬಂದು ಗಂಟಲು ಕೆರೆಯುತ್ತಿತ್ತು, ಕಿಟಕಿ ಮುಚ್ಚಿಕೊಳ್ಳುತ್ತಿದ್ದೆವು. ಎದುರುಬದಿರು ಬಾಗಿಲಿನ ಇನ್ನೊಂದು ತಳಮನೆಯಲ್ಲಿ ಉಡುಪಿ ಕಡೆಯ ಅಕ್ಕ. ಆಕೆಯ ಗಂಡ ಕಲ್ಯಾಣದ ಒಂದು ಹೋಟೆಲಿನಲ್ಲಿ ಮ್ಯಾನೇಜರು, ಬೆಳಿಗ್ಗೆ ಹೋದರೆ ಮುಗಿಯಿತು. ಇದ್ದೊಬ್ಬ ಮಗಳನ್ನು ಖಾರ್ಘರ್‌ಗೆ ಮದುವೆ ಮಾಡಿ ಕೊಟ್ಟಿದ್ದರು. ಹೀಗಾಗಿ ಆಕೆಗೆ ಕೈತುಂಬ ಹೊತ್ತು, ಅದನ್ನೆಲ್ಲ ಸೊಪ್ಪಿಗೆ ಸುರಿಯುತ್ತಿದ್ದಳು.

ಕಟ್ಟಡದ ಹಿಂದೆ, ಅಡುಗೆಮನೆಗಳ ಬೆನ್ನಿಗೆ, ಕಂಪೌಂಡ್ ಗೋಡೆಯ ತನಕ ನಾಲ್ಕೈದು ಅಡಿ ಜಾಗ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿ ಒಡೆದ ಬಕೆಟ್ಟು, ಹಳೆ ಸೈಕಲ್ಲು ಒಟ್ಟಿರುತ್ತಿದ್ದರು. ಅಕ್ಕ ಗೋಡೆಗೆ ಬಸಳೆ ಹಬ್ಬಿಸಿದ್ದಳು. ಪೇಂಟಿನ ಡಬ್ಬಿಗಳಲ್ಲಿ ಕೆಂಪು ಹರಿವೆ. ಸದಾ ತಂಪಿರುವ ಮೂಲೆಯಲ್ಲಿ ಒಂದೆಲಗ, ಪುಟ್ಟ ಪುಟ್ಟ ಕೊಡೆಗಳ ಹಾಗೆ. ಸಾಲದ್ದಕ್ಕೆ ಸ್ಟೇಷನ್ನಿನ ಪೂರ್ವಕ್ಕಿದ್ದ ಮಾರ್ಕೆಟ್ಟಿಗೆ ನಡೆದುಕೊಂಡೇ ಹೋಗುತ್ತಿದ್ದಳು. ಪಾಲಕ್ ಕಟ್ಟು ಎತ್ತಿ, ಬುಡ ಮೂಸಿ ನೋಡಿ, ಮೂತಿ ಸೊಟ್ಟ ಮಾಡಿ ಕೆಳಗಿಡುವಳು. ರೈಲು ಹಳಿಯ ಪಕ್ಕ ಚರಂಡಿಯ ನೀರಿನಲ್ಲಿ ಬೆಳೆದದ್ದು ಯಾವುದು, ಹಳ್ಳಿಯಿಂದ ಬಂದದ್ದು ಯಾವುದು ಎಂದು ಆಕೆಯ ಮೂಗಿಗೆ ಗೊತ್ತಾಗುತ್ತಿತ್ತು. ಮಾರುವ ಹೆಂಗಸರು ಆಕೆಯನ್ನು ಕಂಡರೆ ಹುಸಿಮುನಿಸಿನಿಂದ ಬೈಯುತ್ತಿದ್ದರು, ಆದರೆ ಒಳ್ಳೆಯ ಕಟ್ಟನ್ನು ಗೋಣಿಯಡಿ ಬಚ್ಚಿಟ್ಟು ಆಕೆಗೇ ಕೊಡುತ್ತಿದ್ದರು.

ಆಕೆಯ ಹತ್ತಿರ ಒಂದೊಂದು ಸೊಪ್ಪಿಗೂ ಒಂದೊಂದು ಕೆಲಸವಿತ್ತು. ಹರಿವೆ ರಕ್ತಕ್ಕೆ. ನುಗ್ಗೆಸೊಪ್ಪು ಕಣ್ಣಿಗೆ, ಮೂಳೆಗೆ. ಬಸಳೆ ಹೊಟ್ಟೆಯ ಉಷ್ಣಕ್ಕೆ. ಒಂದೆಲಗ ತಲೆಗೆ, ನೆನಪಿಗೆ. ಹಸಿರು ಒಳಗೆ ಹೋದರೆ ಕೆಂಪಾಗ್ತದೆ ಎಂದು ಹೇಳುತ್ತಿದ್ದಳು. ನಾನು ನಗುತ್ತಿದ್ದೆ. ಮೊನ್ನೆ ಮಗಳು ಆ ಬಾಟಲಿಯ ಮೇಲಿದ್ದದ್ದನ್ನು ಓದಿ, ಎಲೆಯ ಹಸಿರಿನದೂ ನಮ್ಮ ರಕ್ತದ ಕೆಂಪಿನದೂ ರಚನೆ ಹೆಚ್ಚುಕಡಿಮೆ ಒಂದೇ ತರಹ ಇರುತ್ತದಂತೆ ಎಂದಾಗ, ಓದುಬರಹ ಅಷ್ಟಕ್ಕಷ್ಟೇ ಇದ್ದ ಆ ಹೆಂಗಸು ಎಲ್ಲಿಂದ ಅದನ್ನು ಹಿಡಿದಿದ್ದಳೋ ಎಂದುಕೊಂಡೆ.

ನಮ್ಮಿಬ್ಬರ ನಡುವೆ ಒಂದು ಸ್ಟೀಲಿನ ಪಾತ್ರೆ ಓಡಾಡುತ್ತಿತ್ತು. ರವಿವಾರ ಬಿಟ್ಟು ದಿನವೂ, ನಾನು ಆಫೀಸಿಗೆ ಹೋಗುವಾಗ ಆಕೆಯ ಹತ್ತಿರ ಇಟ್ಟುಹೋದ ಬೀಗದ ಕೈಯಿಂದ ಬಾಗಿಲು ತೆಗೆದು, ತಂಬುಳಿಯನ್ನೋ ಪಲ್ಯವನ್ನೋ ನಮ್ಮ ಒಲೆಕಟ್ಟೆಯ ಮೇಲಿಟ್ಟು ಹೋಗುವಳು. ಸೊಪ್ಪನ್ನು ಬಾಡಿಸಿ, ಕಾಯಿತುರಿ, ಜೀರಿಗೆ, ಮೆಣಸಿನ ಜೊತೆ ಅರೆದು ಮಜ್ಜಿಗೆಯಲ್ಲಿ ಕಲಸಿದ ತಂಬುಳಿ. ಪುಂಡಿಪಲ್ಯ, ರೊಟ್ಟಿ ತಿಂದು ಬೆಳೆದ ನನಗೆ ಮೊದಲ ಸಲ ಅದು ಔಷಧ ಕುಡಿದ ಹಾಗಾಗಿತ್ತು. ಆಮೇಲೆ ಅದಿಲ್ಲದೆ ಅನ್ನ ಗಂಟಲಿಗೆ ಇಳಿಯದ ಹಾಗಾಯಿತು. ಪಾತ್ರೆಯನ್ನು ಬರಿದಾಗಿ ತಿರುಗಿ ಕೊಡಬಾರದು, ಅದು ಅವರ ಊರಲ್ಲೂ ಇತ್ತು, ನಮ್ಮ ಊರಲ್ಲೂ ಇತ್ತು. ನಾನು ಶೇಂಗಾ ಚಟ್ನಿಪುಡಿಯೋ, ಒಂದೆರಡು ಖಡಕ್ ರೊಟ್ಟಿಯೋ ಹಾಕಿ ಸಂಜೆ ವಾಪಸ್ ಮುಟ್ಟಿಸುತ್ತಿದ್ದೆ. ಆಕೆ ರೊಟ್ಟಿಯನ್ನು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದಳು. ನೋಡಲಾಗುತ್ತಿರಲಿಲ್ಲ, ಆದರೆ ಹೇಳಲೂ ಆಗುತ್ತಿರಲಿಲ್ಲ.

ಇವರಿಗೆ ಸಣ್ಣಂದಿನಲ್ಲಿ ಬಂದ ಜ್ವರದಿಂದ ಹೃದಯದ ಒಂದು ವಾಲ್ವ್ ಕೆಟ್ಟಿತ್ತು. ನಲವತ್ತು ದಾಟಿದ ಮೇಲೆ ಏದುಸಿರು ಶುರುವಾಗಿ ಕೊನೆಗೆ ಆಪರೇಷನ್ ಆಯಿತು. ಬೇರೆ ವಾಲ್ವ್ ಹಾಕಿದರು. ಆ ದಿನಗಳಲ್ಲಿ ಉಲ್ಹಾಸನಗರದಲ್ಲಿದ್ದ ನನ್ನ ನಾದಿನಿ, ಇವರ ತಂಗಿ, ಮತ್ತು ಅವಳ ಗಂಡ ರಕ್ತಕ್ಕೆ, ಕಾಗದಪತ್ರಕ್ಕೆ ಓಡಾಡಿ ಸುಸ್ತಾಗಿ ಹೋಗಿದ್ದರು. ಅದರ ಋಣ ನನ್ನ ತಲೆಯ ಮೇಲಿತ್ತು, ಅದನ್ನು ನೆನಪು ಮಾಡಿಕೊಡುವ ಬಾಯಿ ನಾದಿನಿಗಿತ್ತು. ಅವಳ ಕಿವಿಗೆ ಬಿದ್ದ ಮಾತು ಎರಡೇ ದಿನದಲ್ಲಿ ವಿಜಯಪುರದ ಎಲ್ಲ ಮನೆಗಳನ್ನೂ ಸುತ್ತಿ ಬರುತ್ತಿತ್ತು.

ಆಪರೇಷನ್ ಆದ ಮೇಲೆ ಇವರಿಗೆ ರಕ್ತ ತೆಳ್ಳಗಿರಿಸುವ ಮಾತ್ರೆ, ಬದುಕಿರುವ ತನಕ. ಅದು ಹೆಚ್ಚಾದರೆ ರಕ್ತ ಸೋರುತ್ತದೆ, ಕಡಿಮೆಯಾದರೆ ವಾಲ್ವಿನಲ್ಲಿ ಹೆಪ್ಪುಗಟ್ಟುತ್ತದೆ. ತಿಂಗಳಿಗೊಮ್ಮೆ ರಕ್ತ ಪರೀಕ್ಷೆ, ಅದನ್ನು ನೋಡಿ ಮಾತ್ರೆಯ ಅಳತೆ. ಸೊಪ್ಪು ತಿನ್ನಬಹುದೇ ಎಂದು ನಾನು ಡಾಕ್ಟರನ್ನು ಕೇಳಿದ್ದೆ. ಮೊದಲಿಂದ ಎಷ್ಟು ತಿನ್ನುತ್ತಿದ್ದಾರೋ ಅಷ್ಟೇ ತಿನ್ನಲಿ, ಒಮ್ಮೆಲೇ ಹೆಚ್ಚಿಸಬೇಡಿ, ಒಮ್ಮೆಲೇ ನಿಲ್ಲಿಸಲೂ ಬೇಡಿ, ಏನಾದರೂ ಬದಲಾದರೆ ನನಗೆ ಹೇಳಿ, ಎಂದಿದ್ದರು ಅವರು. ಇದನ್ನು ಅಕ್ಕನಿಗೂ ಹೇಳಿದ್ದೆ. ಆಕೆ ಅಂದಿನಿಂದ ಒಂದೇ ಬಟ್ಟಲಿನಲ್ಲಿ ಅಳೆದು ಕೊಡಲು ಶುರುಮಾಡಿದಳು. ಆರು ತಿಂಗಳಲ್ಲಿ ಇವರ ಬಿಳಿಚಿದ ಮುಖಕ್ಕೆ ಕಳೆ ಬಂತು. ಎಲ್ಲ ಪರೀಕ್ಷೆಯೂ ಸರಿಯಾಗಿ ಬರುತ್ತಿತ್ತು. ಅಕ್ಕ ಕಾರಿಡಾರಿನಲ್ಲಿ ನಿಂತು ಇವರು ಕೆಲಸಕ್ಕೆ ಹೋಗುವುದನ್ನು ತನ್ನದೇ ತೋಟ ನೋಡುವ ಹಾಗೆ ನೋಡುತ್ತಿದ್ದಳು.

ಇಷ್ಟೆಲ್ಲ ಇದ್ದೂ ನಾನು ಕೆಟ್ಟದ್ದು ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ. ಅಲ್ಲಿ ಇಲ್ಲದ ಡಾಕ್ಟರರಿಲ್ಲ. ದಿವಾ ಸ್ಟೇಷನ್ನಿನಲ್ಲಿ ಹತ್ತುವ ಒಬ್ಬ ಹೆಂಗಸಿನ ಅಣ್ಣನಿಗೂ ಅದೇ ಮಾತ್ರೆಯಂತೆ. ಮಾತಿಗೆ ಮಾತು ಬಂದು ಇವರು ದಿನಾ ಸೊಪ್ಪು ತಿನ್ನುತ್ತಾರೆ ಎಂದೆ. ಆಕೆ ಎದೆ ಹಿಡಿದುಕೊಂಡಳು. ಆ ಮಾತ್ರೆಗೂ ಸೊಪ್ಪಿಗೂ ಹಾವು ಮುಂಗುಸಿ, ಇಂದೇ ನಿಲ್ಲಿಸು, ನಮ್ಮ ಮನೆಯಲ್ಲಿ ಕೊತ್ತಂಬರಿಯನ್ನೂ ಒಳಗೆ ಬಿಡುವುದಿಲ್ಲ ಎಂದಳು. ಸುತ್ತ ನಿಂತವರೆಲ್ಲ ತಲೆದೂಗಿದರು. ಓದಿದ ಡಾಕ್ಟರು ಕೂತು ಹೇಳಿದ ಮಾತು ತಲೆಯಿಂದ ಹೋಯಿತು, ಕಂಬಿ ಹಿಡಿದು ನಿಂತವಳು ಹೇಳಿದ್ದು ಉಳಿಯಿತು. ಈಗಲೂ ಇದನ್ನು ಬರೆಯುವಾಗ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ.

ಅಕ್ಕನಿಗೆ ಹೇಗೆ ಹೇಳುವುದು? ನಿಮ್ಮ ಸೊಪ್ಪು ಬೇಡ ಎಂದರೆ ಆ ಮುಖ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ದಾಕ್ಷಿಣ್ಯ. ನಮ್ಮಂಥವರ ಮನೆಗಳನ್ನು ಹಾಳು ಮಾಡುವುದು ಜಗಳವಲ್ಲ, ಇದು. ಪಾತ್ರೆ ಬರುತ್ತಲೇ ಇತ್ತು. ನಾನು ಬೆಳಗಿನ ಹೊತ್ತು ಸ್ವಲ್ಪ ತಡವಾಗಿ ಹೊರಡುವ ಶಿಫ್ಟ್ ಹಾಕಿಸಿಕೊಂಡು, ಆಕೆ ಕೊಟ್ಟದ್ದನ್ನು ಬಾಗಿಲಲ್ಲಿ ನಕ್ಕು ಇಸಿದುಕೊಂಡು, ಒಳಗೆ ಬಂದು ಮೋರಿಗೆ ಸುರಿದು ನೀರು ಬಿಡುತ್ತಿದ್ದೆ. ಸಂಜೆ ಪಾತ್ರೆಗೆ ಚಟ್ನಿಪುಡಿ ಹಾಕಿ, ಇವತ್ತಿನದು ಬಹಳ ಚಲೋ ಆಗಿತ್ತು ಎಂದು ಹೇಳಿ ಕೊಡುತ್ತಿದ್ದೆ. ಇವರಿಗೂ ಹೇಳಲಿಲ್ಲ; ಹೇಳಿದರೆ ಎದುರಿಗೆ ಸಿಕ್ಕಾಗ ಅಕ್ಕನ ಹತ್ತಿರ ಬಾಯಿಬಿಡುತ್ತಾರೆ ಎಂಬ ಭಯ. ಇವರಿಗೆ ತಂಬುಳಿ ಬೇಕೇಬೇಕು. ಅದಕ್ಕೆ ಸೌತೆಕಾಯಿಯನ್ನು ಸಿಪ್ಪೆಸಹಿತ ತುರಿದು, ಕಾಯಿ ಜೀರಿಗೆ ಹಾಕಿ ಮಜ್ಜಿಗೆಯಲ್ಲಿ ಕಲಸಿಡುತ್ತಿದ್ದೆ. ಬಣ್ಣ ಒಂದಿಷ್ಟು ಹೊಂದುತ್ತಿತ್ತು. ಪೇಪರು ನೋಡುತ್ತ ಉಣ್ಣುವ ಮನುಷ್ಯ, ಅಕ್ಕನದೇ ಎಂದುಕೊಂಡು ಉಂಡರು.

ಆ ತಿಂಗಳ ಪರೀಕ್ಷೆಗೆ ಹೋಗಲಿಲ್ಲ. ಕಂಪನಿಯಲ್ಲಿ ಯಾವುದೋ ಆರ್ಡರ್ ಇತ್ತು, ರಜೆ ಸಿಗಲಿಲ್ಲ, ಎಲ್ಲ ಸರಿಯಾಗಿಯೇ ಇದೆಯಲ್ಲ ಎಂದರು. ನಾನೂ ಒತ್ತಾಯ ಮಾಡಲಿಲ್ಲ. ಮೊದಲು ಹಲ್ಲುಜ್ಜುವಾಗ ಒಸಡಿನಲ್ಲಿ ರಕ್ತ ಬಂತು. ಆಮೇಲೆ ತೊಡೆಯ ಮೇಲೆ ಅಂಗೈಯಷ್ಟು ನೀಲಿ ಕಲೆ. ಮಶೀನಿಗೆ ತಾಗಿರಬೇಕು ಎಂದರು. ಒಂದು ಬೆಳಿಗ್ಗೆ ಚಹಾ ಕುಡಿದವರು ಎದ್ದು ಹೋಗಿ ಬಚ್ಚಲಲ್ಲಿ ರಕ್ತ ಕಾರಿಕೊಂಡರು.

ಆಸ್ಪತ್ರೆಯ ಹೆಸರು, ಊರು ಯಾವುದೂ ಇಲ್ಲಿ ಬೇಡ. ಅಲ್ಲಿದ್ದ ಡಾಕ್ಟರಮ್ಮ ಈಗಿನ ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವಳಿದ್ದಾಳು. ರಿಪೋರ್ಟ್ ನೋಡಿದವಳೇ ನನ್ನನ್ನು ಪಕ್ಕಕ್ಕೆ ಕರೆದು, ಇತ್ತೀಚೆಗೆ ಊಟದಲ್ಲಿ ಏನಾದರೂ ಬಿಟ್ಟಿರಾ ಎಂದು ಕೇಳಿದಳು. ಸೊಪ್ಪು ಎಂದೆ. ಎಷ್ಟು ದಿನವಾಯಿತು ಎಂದಳು. ಒಂದು ತಿಂಗಳು ಎಂದೆ. ಆಕೆ ಬೈಯಲಿಲ್ಲ, ಅದೇ ಕಷ್ಟವಾಯಿತು. ಮಾತ್ರೆಯ ಅಳತೆಯನ್ನು ಆ ಸೊಪ್ಪು ಸೇರಿಸಿಯೇ ಹೊಂದಿಸಿದ್ದರು, ನೀವು ಅದನ್ನು ತೆಗೆದಿರಿ, ಮಾತ್ರೆ ಹಾಗೇ ಉಳಿಯಿತು, ರಕ್ತ ತೀರಾ ತೆಳ್ಳಗಾಯಿತು ಎಂದು ನಿಧಾನಕ್ಕೆ ತಿಳಿಸಿ ಹೇಳಿದಳು. ಸೊಪ್ಪಿನಲ್ಲಿರುವ ಯಾವ ಜೀವಸತ್ವಕ್ಕೆ ಹೆದರಿ ನಾನು ಮೋರಿಗೆ ಸುರಿದಿದ್ದೆನೋ ಅದನ್ನೇ ಈಗ ಇವರಿಗೆ ಸೂಜಿಯಲ್ಲಿ ಅಳೆದು ಕೊಡುತ್ತಿದ್ದರು.

ನಾನು ಹೊರಗೆ ಬಂದು ಬೆಂಚಿನ ಮೇಲೆ ಕುಳಿತೆ. ಅಷ್ಟರಲ್ಲಿ ನಾದಿನಿ ಬಂದಳು. ಎಲ್ಲ ಓಡಾಟ ಮಾಡಿ ಉಳಿಸಿಕೊಂಡಿದ್ದ ಅಣ್ಣ ಅವಳಿಗೆ, ಕಣ್ಣು ಕೆಂಪಾಗಿದ್ದವು.

"ವೈನಿ, ಡಾಕ್ಟರ್ ಏನಂದ್ರು? ಯಾತರಿಂದ ಆತು ಇದು?"

"ಸೊಪ್ಪಿನಿಂದಂತ. ಆ ಮಾತ್ರಿಗೆ ಅದು ಆಗಿಬರಂಗಿಲ್ಲಂತ," ಎಂದೆ ನಾನು. ಅದು ಪೂರ್ತಿ ಸುಳ್ಳಲ್ಲ. ಪೂರ್ತಿ ಸುಳ್ಳಲ್ಲದ್ದರಷ್ಟು ಹೇಸಿಗೆಯದು ಇನ್ನೊಂದಿಲ್ಲ.

"ಯಾರು ತಿನ್ನಿಸಿದ್ರು ಸೊಪ್ಪು?"

ಲಿಫ್ಟಿನ ಬಾಗಿಲು ತೆರೆದು ಅಕ್ಕ ಅದೇ ಹೊತ್ತಿಗೆ ಬರಬೇಕೇ. ಕೈಯಲ್ಲಿ ಗಂಜಿಯ ಫ್ಲಾಸ್ಕ್. ನಾನು ಬಾಯಿಬಿಟ್ಟು ಹೇಳಿದ್ದು ಎರಡೇ ಶಬ್ದ, "ಎದುರಮನಿ ಅಕ್ಕಾರು..." ಅಷ್ಟು ಸಾಕಾಯಿತು. ನಾದಿನಿ ಅಲ್ಲೇ, ಹತ್ತು ಜನರ ಎದುರಿಗೆ, ಹಿಂದಿ ಕನ್ನಡ ಕೂಡಿಸಿ ಆಕೆಯ ಮೇಲೆ ಬಿದ್ದಳು. ಔಷಧ ತೊಗೊಳ್ಳೋ ಮನುಷ್ಯನಿಗೆ ಕಸಕಡ್ಡಿ ಅರೆದು ಕುಡಿಸ್ತೀರಿ, ನಿಮಗೆ ಮಾಡಲಿಕ್ಕೆ ಬೇರೆ ಕೆಲಸ ಇಲ್ಲೇನು, ನಮ್ಮಣ್ಣಗ ಏನರ ಆದ್ರ ನೀವು ಕೊಡ್ತೀರೇನು... ಇನ್ನೂ ಏನೇನೋ. ಅಕ್ಕ ನನ್ನ ಮುಖವನ್ನು ನೋಡಿದಳು. ಸಿಟ್ಟಿನಿಂದಲ್ಲ. ನಾನು ಏನಾದರೂ ಹೇಳುತ್ತೇನೇನೋ ಎಂದು ಕಾದ ಹಾಗಿತ್ತು. ನಾನು ನೆಲದ ಟೈಲ್ಸ್ ನೋಡಿದೆ. ಆಕೆ ಫ್ಲಾಸ್ಕನ್ನು ಬೆಂಚಿನ ಮೇಲಿಟ್ಟು, ಗಂಜಿ ಬಿಸಿ ಉಂಟು ಎಂದಷ್ಟೇ ಹೇಳಿ, ಮೆಟ್ಟಿಲಿಳಿದು ಹೋದಳು.

ಹನ್ನೊಂದು ದಿನಕ್ಕೆ ಇವರು ಮನೆಗೆ ಬಂದರು. ಬದುಕಿದ್ದೇ ದೊಡ್ಡದು, ಮೊದಲಿನ ಮನುಷ್ಯ ಮಾತ್ರ ತಿರುಗಿ ಬರಲಿಲ್ಲ. ಕಂಪನಿಯವರು ಕೂತು ಮಾಡುವ ಕೆಲಸಕ್ಕೆ ಹಾಕಿದರು. ಪಾತ್ರೆ ಮತ್ತೆ ನಮ್ಮ ಬಾಗಿಲು ದಾಟಲಿಲ್ಲ. ಕಾರಿಡಾರಿನಲ್ಲಿ ಎದುರಾದರೆ ಅಕ್ಕ ಹೇಗಿದ್ದಾರೆ ಎಂದು ಕೇಳುವಳು, ನಾನು ಆರಾಮ ಎನ್ನುವೆ. ಆಸ್ಪತ್ರೆಯ ಮಾತು ಮನಸ್ಸಿಗೆ ಹತ್ತಿದೆ, ಸ್ವಲ್ಪ ದಿನ ಹೋಗಲಿ, ನಾನೇ ಹೋಗಿ ಎಲ್ಲ ಹೇಳಿಬಿಡುತ್ತೇನೆ ಎಂದುಕೊಂಡೆ. ಇವತ್ತು ಬೇಡ, ಶನಿವಾರ. ಇವತ್ತು ಬೇಡ, ಅವರ ಮನೆಗೆ ನೆಂಟರು ಬಂದಿದ್ದಾರೆ. ಹಿಂದಿನ ಜಾಗದಲ್ಲಿ ಬಸಳೆ ಯಾರೂ ಕೊಯ್ಯದೆ ಬಲಿತು ಹೂಬಿಟ್ಟು ಕಾಯಿಯಾಯಿತು...

ಕಟ್ಟಡ ಕೆಡವಿ ಹೊಸದಾಗಿ ಕಟ್ಟುವ ರಿಡೆವಲಪ್‌ಮೆಂಟಿಗೆ ಹೋಯಿತು. ಎಲ್ಲರೂ ಖಾಲಿ ಮಾಡಿದೆವು. ನಾವು ಠಾಕುರ್ಲಿಯಲ್ಲಿ ಬಾಡಿಗೆಗೆ ಹೋದೆವು. ಅಕ್ಕನ ಗಂಡ ಅಷ್ಟರಲ್ಲಿ ತೀರಿಕೊಂಡಿದ್ದರು, ಆಕೆ ಖಾರ್ಘರ್‌ನ ಮಗಳ ಮನೆಗೆ ಹೋದಳು. ಆಕೆಯ ಸಾಮಾನಿನ ಟೆಂಪೋ ಹೊರಡುವ ದಿನ ನಾನು ಆಫೀಸಿನಲ್ಲಿದ್ದೆ. ರಜೆ ಹಾಕಬಹುದಿತ್ತು. ಹಾಕಲಿಲ್ಲ.

ಹೇಳಬೇಕಾದದ್ದನ್ನು ಹೇಳಲು ನನಗೆ ಐದು ವರ್ಷ ಬೇಕಾಯಿತು. ಒಂದು ರವಿವಾರ ಇವರಿಗೆ ಆಫೀಸಿನ ಗೆಳತಿಯ ಮನೆಗೆ ಎಂದು ಸುಳ್ಳು ಹೇಳಿ, ಠಾಣೆಗೆ ಬಂದು ಪನವೇಲಿನ ಗಾಡಿ ಹಿಡಿದು, ಖಾರ್ಘರ್‌ನಲ್ಲಿ ಇಳಿದೆ. ಎಂಟನೇ ಮಹಡಿ. ಅಕ್ಕ ಬಾಲ್ಕನಿಯ ಕುರ್ಚಿಯಲ್ಲಿ ಕುಳಿತಿದ್ದಳು, ಅರ್ಧ ಆಗಿದ್ದಳು. ನನ್ನನ್ನು ಕಂಡು ಎದ್ದು ನಿಲ್ಲಲು ಹೋಗಿ ಮತ್ತೆ ಕುಳಿತಳು. ಬಾಲ್ಕನಿಯಲ್ಲಿ ಒಂದು ತುಳಸಿ, ಒಂದು ದಾಸವಾಳ. ಸೊಪ್ಪು ಬೆಳೆಸುವುದಿಲ್ಲವಾ ಎಂದು ಕೇಳಿದೆ. ಮೊದಲಿನ ಹಾಗೆ ಆಗುವುದಿಲ್ಲ ಎಂದಳು. ಊಟಕ್ಕೆ ಕೂತಾಗ ಆಕೆಯ ಮಗಳು ಬಡಿಸುತ್ತ, ಅಮ್ಮ ಈಗ ತಾನೊಬ್ಬಳೇ ಸೊಪ್ಪು ತಿನ್ನುತ್ತಾಳೆ, ಮೊಮ್ಮಕ್ಕಳಿಗೂ ತನ್ನ ಕೈಯಾರೆ ಬಡಿಸುವುದಿಲ್ಲ, ಯಾಕೋ ಕೇಳಿದರೆ ಹೇಳುವುದೂ ಇಲ್ಲ ಎಂದು ನಗುತ್ತ ದೂರಿದಳು.

ಮಗಳು ಒಳಗೆ ಹೋದ ಮೇಲೆ ಬಾಲ್ಕನಿಯಲ್ಲಿ ನಾನು ಶುರುಮಾಡಿದೆ. "ಅಕ್ಕಾ, ಆವತ್ತು ಆಸ್ಪತ್ರ್ಯಾಗ ನಾ ಹೇಳಿದ್ದು ಸುಳ್ಳು. ನಿಮ್ಮ ಸೊಪ್ಪು ನಾ ಅವರಿಗೆ ಕೊಟ್ಟೇ ಇರಲಿಲ್ಲ. ಒಂದ್ ತಿಂಗಳು ಚೆಲ್ಲಿದ್ನಿ. ಚೆಲ್ಲಿದ್ದಕ್ಕೇ ಹಂಗಾತು."

ಆಕೆ ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಗೊತ್ತುಂಟು ಮಾರಾಯ್ತಿ. ನಾನು ಹಿಂದೆ ಬಸಳೆಗೆ ನೀರು ಹಾಕುವಾಗ ನಿನ್ನ ಮೋರಿಯ ಪೈಪಿಂದ ಹಸುರು ಬೀಳ್ತಿತ್ತಲ್ಲ. ದಿನಾ ನೋಡಿದ್ದೇನೆ."

ಹಾಗಾದರೆ ದಿನಾ ಯಾಕೆ ಕೊಡುತ್ತಿದ್ದಿರಿ ಎಂದು ಕೇಳಿದೆ. ನಿಲ್ಲಿಸಿದರೆ ನಾನು ನೋಡಿದ್ದು ನಿನಗೆ ಗೊತ್ತಾಗುತ್ತಿತ್ತು, ಬೇಜಾರು ಮಾಡಿಕೊಳ್ಳುತ್ತಿದ್ದಿ, ಅವರಿಗೆ ಬಾಯಿಗೆ ಹಿಡಿಸುವುದಿಲ್ಲವೋ ಏನೋ, ನಾಲ್ಕು ದಿನ ಹೋದರೆ ನೀನೇ ಹೇಳುತ್ತಿ ಅಂತ ಇದ್ದೆ, ಎಂದಳು. ನಾನು ಆಕೆಗೆ ಬೇಜಾರಾಗಬಾರದೆಂದು ಇಸಿದುಕೊಂಡೆ, ಆಕೆ ನನಗೆ ಬೇಜಾರಾಗಬಾರದೆಂದು ಕೊಟ್ಟಳು, ನಡುವೆ ಒಬ್ಬ ಮನುಷ್ಯ ಸಾಯುವುದೊಂದು ಬಾಕಿ ಇತ್ತು. ನಮ್ಮಿಬ್ಬರಲ್ಲಿ ಒಬ್ಬರಿಗಾದರೂ ಒಂದು ಚೂರು ಒರಟುತನ ಇರಬೇಕಿತ್ತು.

"ಆವತ್ತು ಅಲ್ಲೇ ಹೇಳಬೇಕಾಗಿತ್ತಲ್ರೀ ಅಕ್ಕಾ, ಈಕಿ ಚೆಲ್ಲತಿದ್ಲು ಅಂತ."

"ಅಲ್ಲಿ ನಿನ್ನ ನಾದಿನಿ ಇದ್ದಳಲ್ಲ. ನನಗಾದ್ರೆ ನಾಲ್ಕು ಮಾತು ಬೈದು ಬಿಡ್ತಾಳೆ. ನೀನು ಅವಳೊಟ್ಟಿಗೆ ಬದುಕ್ಲಿಕ್ಕುಂಟು." ಮತ್ತೆ ಅಂದಳು, "ಈಗ್ಲೂ ಹೇಳ್ಲಿಕ್ಕೆ ಹೋಗ್ಬೇಡ. ಮುಗ್ದು ಹೋದದ್ದು."

ಹೇಳಬೇಡ ಎಂದಳಲ್ಲ ಎಂದು ನನಗೆ ಒಳಗೊಳಗೇ ಎಷ್ಟು ಹಗುರವಾಯಿತು ಎಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಹೊರಡುವಾಗ ಕುಂಕುಮ ಕೊಟ್ಟಳು. ಇವರ ಮಾತ್ರೆ, ಪರೀಕ್ಷೆ ಎಲ್ಲ ಸರಿ ನಡೆಯುತ್ತಿದೆಯೇ, ಈಗ ಸೊಪ್ಪು ಕೊಡುತ್ತಿದ್ದೀಯಾ ಎಂದು ವಿಚಾರಿಸಿದಳು. ಡಾಕ್ಟರ್ ಹೇಳಿದ ಹಾಗೆ, ವಾರಕ್ಕೆ ಮೂರು ದಿನ, ಒಂದೊಂದು ವಾಟಿ ಎಂದೆ. "ಹಾಗೇ ಕೊಡು, ಬಿಡ್ಬೇಡ" ಎಂದಳು. ಲಿಫ್ಟಿನ ತನಕ ಬರಲು ಆಕೆಗೆ ಆಗಲಿಲ್ಲ.

ಆಕೆ ಹೋಗಿ ಎರಡು ವರ್ಷವಾಯಿತು. ಆಕೆಯ ಮಗಳು ಫೋನ್ ಮಾಡಿ ತಿಳಿಸಿದಾಗ ಎಲ್ಲ ಕಾರ್ಯ ಮುಗಿದಿತ್ತು. ಇವರಿಗೆ ಹೇಳಿದೆ. ಹೌದಾ ಎಂದರು, ಟಿವಿಯ ಸದ್ದು ಸ್ವಲ್ಪ ಕಡಿಮೆ ಮಾಡಿದರು, ಅಷ್ಟೇ. ನಾದಿನಿಯಂತೂ ಪ್ರತಿ ಮದುವೆ ಮುಂಜಿಯಲ್ಲಿ ಆ ಕಥೆಯನ್ನು ಈಗಲೂ ಹೇಳುತ್ತಾಳೆ, ಹೇಗೆ ಒಬ್ಬ ಹೆಂಗಸು ಸೊಪ್ಪು ಕುಡಿಸಿ ಅಣ್ಣನನ್ನು ಮುಗಿಸಿಯೇ ಬಿಟ್ಟಿದ್ದಳು ಎಂದು. ನಾನು ಬಡಿಸುವ ನೆಪದಲ್ಲಿ ಎದ್ದು ಹೋಗುತ್ತೇನೆ. ಹತ್ತು ಹನ್ನೆರಡು ವರ್ಷ ಹೀಗೇ ಎದ್ದು ಹೋಗಿ ಹೋಗಿ ದಣಿದಿದ್ದೇನೆ.

ಮೊನ್ನೆ, ಮಗಳು ಬಾಟಲಿ ತಂದ ಮರುದಿನ ರವಿವಾರ ಮಧ್ಯಾಹ್ನ, ನಾವಿಬ್ಬರೇ ಊಟಕ್ಕೆ ಕುಳಿತಿದ್ದೆವು. ಮೆಂತ್ಯಪಲ್ಯ ಬಡಿಸಿದೆ. ಇವರು ಎಂದಿನಂತೆ, ಅಳೆದು ಹಾಕು, ಆ ಉಡುಪಿ ಅಕ್ಕನಂಗ ಮಾಡಬ್ಯಾಡ ಎಂದರು. ಸಿಟ್ಟಿನ ಮಾತಲ್ಲ, ಉಪ್ಪಿನಕಾಯಿ ಹಾಕು ಅನ್ನುವಷ್ಟೇ ರೂಢಿಯ ಮಾತು. ಎಷ್ಟು ಸಲ ಕೇಳಿಲ್ಲ ನಾನು. ಆದರೆ ಅಂದು ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟು ಎಲ್ಲ ಹೇಳಿಬಿಟ್ಟೆ. ದಿವಾದ ಹೆಂಗಸು, ಮೋರಿ, ಡಾಕ್ಟರಮ್ಮ, ಖಾರ್ಘರ್. ಇವರು ಕೈ ಒಣಗುವ ತನಕ ಕೇಳಿದರು.

"ಹಂಗಾರ ಆ ಒಂದ್ ತಿಂಗಳು ನಾ ಉಂಡದ್ದು?"

"ಸೌತಿಕಾಯಿ."

ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಇವರು ತಟ್ಟೆ ಸರಿಸಿದರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು.

"ಆಸ್ಪತ್ರಿಯಿಂದ ಬಂದ ಮರುದಿನ ನೀ ಮೆಡಿಕಲ್ಲಿಗೆ ಹೋಗಿದ್ದಿ. ಅಕ್ಕಾರು ಬಂದಿದ್ರು, ನೋಡಿ ಹೋಗಾಕ. ಇನ್ನ ಮ್ಯಾಲೆ ಈ ಮನಿಗಿ ಬರಬ್ಯಾಡ್ರಿ, ನಿಮ್ಮ ಕೈಯಾರೆ ಯಾರಿಗೂ ಏನೂ ಕೊಡಬ್ಯಾಡ್ರಿ ಅಂದೆ ನಾ. ಹೂಂ ಅಂದ್ರು. ಬೇಗ ಆರಾಮಾಗ್ರಿ ಅಂದ್ರು, ಹೋದ್ರು."

ಖಾರ್ಘರ್‌ನ ಆ ಬಾಲ್ಕನಿಯಲ್ಲಿ ಒಂದೂವರೆ ತಾಸು ಎದುರಿಗೆ ಕೂತಿದ್ದೆ. ಇದನ್ನೊಂದು ಆಕೆ ನನಗೆ ಹೇಳಲಿಲ್ಲ. ನಾನು ಇವರೊಟ್ಟಿಗೂ ಬದುಕಬೇಕಿತ್ತಲ್ಲ.

ಇವರು ಕೈ ತೊಳೆದು ಬಂದು, ತಂಗಿಗೆ ಫೋನ್ ಹಚ್ಚು ಎಂದರು. ಹಚ್ಚಿ, ನಾನೇ ಹೇಳಿದೆ. ಅವಳು ಎಲ್ಲ ಕೇಳಿ, ಹೋದವರ ಸುದ್ದಿ ಈಗ್ಯಾಕ ವೈನಿ ಎಂದಳು.